ಸುಡ್ತು ಅನ್ನದವರ ಜೊತೆ ಆರು ಮಂಗಳವಾರ

ಪೀಣ್ಯ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡದ ಮಾತಾಡ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಅಲ್ಲಿ ನಮ್ಮನೆಯವರು ಕೂತಿದ್ದರು, ಬಲಗೈ ಯಾರಿಗೂ ತಾಗದಿರಲಿ ಅಂತ. ದಾರಿಯುದ್ದಕ್ಕೂ ನಾನು ನೋಡಿದ್ದು ಮೋಡವನ್ನಲ್ಲ, ಆ ಕೈಯನ್ನು. ಆದ್ದರಿಂದ ಅಲ್ಲಿಂದಲೇ ಶುರು ಮಾಡ್ತೀನಿ.

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶೆಡ್ಡು. ಬೇರೆಯವರು ಮಾಡಿದ ಗೇರು, ಶಾಫ್ಟು, ಪಿನ್ನು ತಂದುಕೊಡ್ತಾರೆ. ನಾವು ಅವನ್ನು ಫರ್ನೇಸಿನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಯಲ್ಲಿ ಅದ್ದಿ, ಗಟ್ಟಿ ಮಾಡಿ ವಾಪಸ್ ಕಳಿಸ್ತೀವಿ. ನಮ್ಮನೆಯವರ ಹೆಸರು ಶಿವಶರಣಪ್ಪ. ಕಲಬುರ್ಗಿ ಕಡೆಯಿಂದ ಬಂದು ಇದೇ ಪೀಣ್ಯದಲ್ಲಿ ಹೆಲ್ಪರ್ ಆಗಿ ಸೇರಿ, ಆಮೇಲೆ ಸ್ವಂತ ಶೆಡ್ಡು ಹಾಕಿದವರು. ನಾನು ಮಹಾನಂದಾ. ಡೆಸ್ಪ್ಯಾಚ್ ನೋಡ್ಕೊಳ್ಳೋದು, ಲಾರಿಯವರ ಜೊತೆ ಜಗಳ ಆಡೋದು, ಹನ್ನೊಂದು ಜನಕ್ಕೆ ಹಬ್ಬದ ದಿನ ಹೋಳಿಗೆ ಬಡಿಸೋದು ನನ್ನ ಇಲಾಖೆ.

ನಮ್ಮ ಶೆಡ್ಡಿನಲ್ಲಿ ಒಂದು ಕಾಯಿದೆ ಇತ್ತು. ಫರ್ನೇಸಿನ ಮುಂದೆ ನಿಂತು ಯಾರಾದರೂ "ಸುಡ್ತು" ಅಂದರೆ ಆವತ್ತು ಎಲ್ಲರಿಗೂ ಟೀ ಅವನೇ ಕೊಡಿಸಬೇಕಿತ್ತು. ಕಾಯಿದೆ ಮಾಡಿದವರು ನಮ್ಮನೆಯವರೇ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರು ಟೀ ಕೊಡಿಸಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಎಣ್ಣೆ ಸಿಡಿದು ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಾಗಲೂ "ನೀರ್ ತರ್ರಿ" ಅಂದರಂತೆ, ಅಷ್ಟೇ. ಇದನ್ನು ನಮ್ಮ ಫೋರ್‌ಮನ್ ಮುನಿರಾಜು ಹೊಸಬರಿಗೆಲ್ಲ ಪುರಾಣದ ಹಾಗೆ ಹೇಳ್ತಾನೆ. ಮುನಿರಾಜು ಮಾದನಾಯಕನಹಳ್ಳಿಯವನು, ಮೊದಲ ದಿನದಿಂದ ನಮ್ಮ ಜೊತೆಗಿರೋನು. ಕೊನೆಯಲ್ಲಿ ಮತ್ತೆ ಬರ್ತಾನೆ. ಈಗ ಆರಾಮಾಗಿದ್ದಾನೆ, ಗಾಬರಿ ಬೇಡ.

ಇವರ ಒಂದು ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಕುದಿಯೋ ಟೀಯನ್ನು ಹಾಗೇ ಗುಟುಕರಿಸುತ್ತಾರೆ, ಮುಖದಲ್ಲಿ ಏನೂ ಕಾಣಲ್ಲ. ಆದರೆ ಚಪ್ಪಲಿಯಲ್ಲಿ ಎಡಗಾಲಿನ ಹೆಬ್ಬೆರಳು ಮಡಚಿಕೊಳ್ಳುತ್ತೆ. ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದೆ. ಹೇಳಿರಲಿಲ್ಲ. ಗಂಡಸರಿಗೂ ಒಂದಿಷ್ಟು ಮರ್ಯಾದೆ ಇರಲಿ ಅಂತ.

ಆ ಹಳೇ ಸುಟ್ಟ ಕಲೆಯಲ್ಲಿ ಹೋದ ದಸರಾ ಹೊತ್ತಿಗೆ ಒಂದು ಹುಣ್ಣಾಯಿತು. ಇವರು ತುಂಬುತೋಳಿನ ಅಂಗಿ ಹಾಕಿಕೊಂಡು ತಿಂಗಳುಗಟ್ಟಲೆ ಮುಚ್ಚಿಟ್ಟರು. ನನಗೆ ಗೊತ್ತಾಗಿದ್ದು ಬಟ್ಟೆ ಒಗೆಯುವಾಗ, ಅಂಗಿಯ ತೋಳಿನ ಒಳಗೆ ಕೀವಿನ ಕಲೆ ಕಂಡು. ಎಳ್ಕೊಂಡು ಹೋಗಿ ತೋರಿಸಿದೆ. ಚರ್ಮದ ಕ್ಯಾನ್ಸರ್ ಅಂದರು. ಹಳೇ ಸುಟ್ಟ ಗಾಯದ ಕಲೆಯಲ್ಲಿ ಹೀಗಾಗೋದುಂಟಂತೆ. ಒಣಗದ ಹುಣ್ಣು ಕಂಡ ಕೂಡಲೇ ಬರಬೇಕಿತ್ತಂತೆ. ಹರಡಿರೋ ರೀತಿ ನೋಡಿದರೆ ಮೊಣಕೈಯ ಕೆಳಗೆ ಕೈ ತೆಗೆಯಬೇಕಾಗಬಹುದು ಅಂದರು ಡಾಕ್ಟರಮ್ಮ.

ನಮ್ಮನೆಯವರು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಆಮೇಲೆ, "ಬ್ಯಾರೆ ದಾರಿ ಏನರೆ ಅದ ಏನ್ರಿ?" ಅಂದರು.

ಒಂದು ಇತ್ತು. ರೇಡಿಯೇಶನ್ ಕೊಡೋದು, ಅದರ ಜೊತೆಗೆ ಅದೇ ದಿನ ಆ ಜಾಗವನ್ನು ಒಂದು ತಾಸು ಹದವಾಗಿ ಬಿಸಿ ಮಾಡೋದು. ರೇಡಿಯೇಶನ್ ಏಟು ತಿಂದ ಕೆಟ್ಟ ಜೀವಕೋಶಗಳು ರಿಪೇರಿ ಮಾಡ್ಕೊಂಡು ಎದ್ದುಬಿಡ್ತಾವಂತೆ, ಬಿಸಿ ಇದ್ದರೆ ಆ ರಿಪೇರಿ ಆಗಲ್ಲವಂತೆ. ಎಲ್ಲರಿಗೂ ಒಗ್ಗುತ್ತೆ ಅಂತಿಲ್ಲ, ಒಗ್ಗದಿದ್ದರೆ ಆಪರೇಷನ್ನೇ ಗತಿ. ನಮ್ಮ ದೇಶದಲ್ಲೂ ಕೆಲವು ಕಡೆ ಉಂಟಂತೆ. ಆದರೆ ಅಷ್ಟರಲ್ಲಿ ಇವರು ಹಾಲೆಂಡಿನ ಯಾನ್‌ಗೆ ಫೋನ್ ಮಾಡಿಯಾಗಿತ್ತು. ಯಾನ್ ನಮ್ಮ ಹಳೇ ಗಿರಾಕಿ, ಗೇರು ಕೊಳ್ಳಲು ಪೀಣ್ಯಕ್ಕೆ ಬರ್ತಿದ್ದವರು, ಈಗ ರಿಟೈರ್ಡು. ಅವರ ಊರಿನ ಆಸ್ಪತ್ರೆಯಲ್ಲಿ ಇದೇ ಕೆಲಸ ಪ್ರತಿವಾರ ನಡೀತದಂತೆ. "ಕಾಗದಪತ್ರ ಕಳಿಸು, ನನ್ನ ಅಟ್ಟ ಖಾಲಿ ಇದೆ" ಅಂದರು. ನಮ್ಮ ಡಾಕ್ಟರಮ್ಮನೂ "ಹೋಗಿಬನ್ನಿ, ತಡ ಮಾಡಬೇಡಿ" ಅಂದರು. ಖರ್ಚಿನ ಮಾತು ಇಲ್ಲಿ ಬೇಡ, ನೆನೆದರೆ ನನ್ನ ಪೆನ್ನು ನಿಂತುಬಿಡುತ್ತೆ.

ಯಾನ್ ಮನೆಯ ಅಟ್ಟ

ಮೇ ತಿಂಗಳು. ಕಲಬುರ್ಗಿಯಲ್ಲಿ ಕಾಗೆಯೂ ನೆರಳು ಬಿಟ್ಟು ಹಾರದ ಹೊತ್ತು. ಹಾಲೆಂಡಿನಲ್ಲಿ ನೋಡಿದರೆ ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮೇಲೆ ಇವರ ಮಫ್ಲರ್ ಸುತ್ತಿಕೊಂಡಿದ್ದೆ. ನಮ್ಮನೆಯವರ ಬಾಯಲ್ಲಂತೂ ಬೆಳಗಿನಿಂದ ಸಂಜೆವರೆಗೆ ಒಂದೇ ಮಂತ್ರ: "ಥಂಡಿ, ಥಂಡಿ, ಏನ್ ಥಂಡಿ ಮಾರಾಯ್ತಿ!" ಬಿಸಿಯ ಬಗ್ಗೆ ತುಟಿ ಬಿಚ್ಚದ ಮನುಷ್ಯ ಚಳಿಯ ಬಗ್ಗೆ ಊರಿಗೆಲ್ಲ ದೂರು ಹೇಳ್ತಿದ್ದರು.

ಯಾನ್ ಮನೆ ಅಗಲವಿಲ್ಲ, ಎತ್ತರ ಮಾತ್ರ ಉಂಟು. ಮೆಟ್ಟಿಲು ಅಂತ ಅವರು ಕರೆಯೋದನ್ನು ನಾವು ಏಣಿ ಅಂತೀವಿ. ನಮ್ಮ ಸೂಟ್‌ಕೇಸು ಅದರಲ್ಲಿ ಹತ್ತಲಿಲ್ಲ. ಯಾನ್ ಗಾಬರಿಯಾಗಲಿಲ್ಲ. ಮನೆಯ ನೆತ್ತಿಯಲ್ಲಿ ಒಂದು ಕೊಕ್ಕೆ ಇತ್ತು, ಅದಕ್ಕೆ ಹಗ್ಗ ಹಾಕಿ, ಸೂಟ್‌ಕೇಸು ಕಟ್ಟಿ, ಬೀದಿಯಿಂದ ಕಿಟಕಿಗೆ ಎಳೆಯೋದಂತೆ. ಅಲ್ಲಿ ಮಂಚ, ಬೀರು ಎಲ್ಲ ಹಾಗೇ ಏರೋದು. ನಮ್ಮನೆಯವರಿಗೆ ಖುಷಿಯೋ ಖುಷಿ. ಕೈಗೆ ಬ್ಯಾಂಡೇಜ್, ಆದರೂ ಕೆಳಗೆ ನಿಂತು ಪೀಣ್ಯದಲ್ಲಿ ಕ್ರೇನಿನವನಿಗೆ ಹೇಳೋ ಹಾಗೆ, "ಹಾಂ, ಬರ್ಲಿ, ಬರ್ಲಿ, ನಿಲ್, ನಿಲ್!" ಅಂತ ಕನ್ನಡದಲ್ಲೇ ಕೂಗಿದರು. ಯಾನ್ ಕನ್ನಡದಲ್ಲೇ ಅರ್ಥ ಮಾಡಿಕೊಂಡರು. ಎರಡನೇ ಮಹಡಿ ಹತ್ತಿರ ಜಿಪ್ಪು ಬಿಚ್ಚಿಕೊಂಡು ನನ್ನ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಕೆಳಗೆ ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿಯ ಸೈಕಲ್ ಬುಟ್ಟಿಗೆ ಬಿದ್ದು ಒಡೆಯಿತು. ಅಜ್ಜಿ ಇಳಿದು, ಬೆರಳಲ್ಲಿ ಅದ್ದಿ, ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇದಕ್ಕೆ ಉಪ್ಪು ಸ್ವಲ್ಪ ಜಾಸ್ತಿ" ಅಂದರು. ಆ ದೇಶದ ಪರಿಚಯ ನನಗೆ ಅಲ್ಲೇ ಆಯಿತು. ಅಲ್ಲಿ ಯಾರೂ ಬೆಲ್ಲ ಹಚ್ಚಿ ಮಾತಾಡಲ್ಲ.

ಬೆಳಗಿನ ತಿಂಡಿಗೆ ಬ್ರೆಡ್ಡು, ಅದರ ಮೇಲೆ ಮಕ್ಕಳ ಕೇಕಿಗೆ ಉದುರಿಸೋ ಚಾಕಲೇಟು ಕಡ್ಡಿಗಳು. ಎಪ್ಪತ್ತು ವರ್ಷದ ಯಾನ್ ಅದನ್ನು ಗಂಭೀರವಾಗಿ ತಿನ್ನುತ್ತಾರೆ. ಮಧ್ಯಾಹ್ನ ಮತ್ತೆ ತಣ್ಣನೆ ಬ್ರೆಡ್ಡು. ನಾನು ಜೋಳದ ಕಟಕ ರೊಟ್ಟಿ ಕಟ್ಟಿಕೊಂಡು ಹೋಗಿದ್ದಕ್ಕೆ ನನ್ನ ಹಣೆಗೆ ನಾನೇ ಮುತ್ತಿಟ್ಟುಕೊಳ್ಳಬೇಕಿತ್ತು.

ಇನ್ನೊಂದು ಸೋಜಿಗ ಅವರ ಟಾಯ್ಲೆಟ್ಟಿನಲ್ಲಿ. ಒಳಗೆ ಗೋಡೆಗೆ ಒಂದು ಕ್ಯಾಲೆಂಡರು, ಅದರಲ್ಲಿ ತಾರೀಖಿನ ಪಕ್ಕ ಹೆಸರುಗಳು. ನಮ್ಮನೆಯವರು ಹೊರಗೆ ಬಂದು ಪಿಸುಗುಟ್ಟಿದರು: "ತೀರಿಕೊಂಡವ್ರ ಹೆಸರು ಬರ್ದಿಟ್ಟಾರ ಕಾಣ್ತದ. ಪಾಪ, ಭಾಳ ಮಂದಿ ಅದಾರ." ಕೇಳಿದರೆ ಅದು ಹುಟ್ಟುಹಬ್ಬದ ಪಟ್ಟಿ! ದಿನಾ ತಪ್ಪದೆ ಕೂರೋ ಜಾಗ ಅದೊಂದೇ, ಅಲ್ಲಿದ್ದರೆ ಯಾರದೂ ಮರೆಯಲ್ಲ ಅಂದರು ಯಾನ್.

ಮೊದಲ ಮಂಗಳವಾರ

ರೇಡಿಯೇಶನ್ ವಾರಕ್ಕೆ ಐದು ದಿನ, ಕೆಲವೇ ನಿಮಿಷ. ಬಿಸಿ ಮಾತ್ರ ಮಂಗಳವಾರ, ರೇಡಿಯೇಶನ್ ಆದ ಕೂಡಲೇ. ಒಟ್ಟು ಆರು ಮಂಗಳವಾರ.

ಬಿಸಿಯ ಕೋಣೆಯ ಯಜಮಾನಿ ಮಾರೈಕೆ. ಬಾಗಿಲಿಗೆ ತಲೆ ತಗ್ಗಿಸಿ ಬರೋಷ್ಟು ಉದ್ದದ ಹೆಂಗಸು, ನಗು ಅದಕ್ಕಿಂತ ಉದ್ದ. ಕೈಯ ಮೇಲೆ ಕೂದಲೆಳೆಯಂಥ ಥರ್ಮಾಮೀಟರುಗಳನ್ನು ಅಂಟಿಸುತ್ತಾಳೆ, ಅದರ ಮೇಲೆ ನೀರು ಹರಿದಾಡೋ ಒಂದು ಮೆತ್ತನೆ ಚೀಲ, ಚೀಲದ ಮೇಲೆ ಬಿಸಿ ಕೊಡೋ ಯಂತ್ರ. ನಲವತ್ತೊಂದರಿಂದ ನಲವತ್ಮೂರು ಡಿಗ್ರಿವರೆಗೆ ಒಂದು ತಾಸು ನಿಲ್ಲಿಸಬೇಕಂತೆ.

ಅದನ್ನು ಕೇಳಿ ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಲ್ವತ್ಮೂರಾ? ನನ್ನ ಫರ್ನೇಸು ಎಂಟ್ನೂರಾ ಐವತ್ತಕ್ಕ ಓಡ್ತದ. ನಲ್ವತ್ಮೂರಂದ್ರ ನಮ್ಮೂರಾಗ ಮದಿವಿ ಮಾಡ್ತೀವಿ!" ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮಾರೈಕೆ ನಗಲಿಲ್ಲ. "ಥರ್ಮಾಮೀಟರು ಇಲ್ಲೊಂದು, ಅಲ್ಲೊಂದು ಇರುತ್ತೆ. ನಡುವೆ ಎಲ್ಲಾದರೂ ಜಾಸ್ತಿ ಬಿಸಿಯಾದರೆ ನನಗೆ ಗೊತ್ತಾಗಲ್ಲ, ನಿಮಗೆ ಮಾತ್ರ ಗೊತ್ತಾಗೋದು. ಹೇಳಿದರೆ ಸರಿಮಾಡ್ತೀನಿ. ಸೊನ್ನೆಯಿಂದ ಹತ್ತರವರೆಗೆ ನಂಬರ್ ಹೇಳ್ತಾ ಇರಿ" ಅಂದಳು.

ನಾನು ಹೊರಗೆ ಬಂದು ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು ಕೂತೆ. ನಮ್ಮ ಕಡೆ ಆಸ್ಪತ್ರೆ ಅಂದರೆ ಹೆಂಗಸರು ಹೊರಗೆ ಬೆಂಚಿನ ಮೇಲೆ ಕೂರೋದು ತಾನೆ? ಒಳಗೆ ಇರಬಹುದಾ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಬಿಡ್ತಿದ್ದರಂತೆ. ಕೇಳದ್ದನ್ನು ಅಲ್ಲಿ ಯಾರೂ ಕೊಡಲ್ಲ, ಕೇಳಿದರೆ ಯಾರೂ ಬೇಜಾರಾಗಲ್ಲ.

ಬಾಗಿಲ ಆಚೆಯಿಂದ ಐದೈದು ನಿಮಿಷಕ್ಕೊಮ್ಮೆ ಇವರ ದನಿ ಕೇಳ್ತಿತ್ತು: "ಝೀರೋ." ಮತ್ತೆ "ಝೀರೋ." ಹೆಮ್ಮೆ ಬೇರೆ ಆ ದನಿಯಲ್ಲಿ. ಸಂಜೆ ಅಟ್ಟದಲ್ಲಿ ಬ್ಯಾಂಡೇಜು ಬಿಚ್ಚಿದರೆ ಕಲೆಯ ಅಂಚಿನಲ್ಲಿ ಅವರೆಕಾಳಿನಷ್ಟು ಬೊಕ್ಕೆ, ನೀರು ತುಂಬಿದ ಗುಳ್ಳೆ.

ಎರಡನೇ ಮಂಗಳವಾರ, ಮತ್ತು ಅದರ ಶುಕ್ರವಾರ

ಎರಡನೇ ವಾರವೂ ಅದೇ ಕತೆ. ಒಂದು ತಾಸು ಸೊನ್ನೆ, ಸಂಜೆಗೆ ಇನ್ನೊಂದು ಬೊಕ್ಕೆ, ಈ ಸಲ ಅದಕ್ಕಿಂತ ದೊಡ್ಡದು.

ಶುಕ್ರವಾರ ಅಲ್ಲಿನ ಡಾಕ್ಟರು ಬೊಕ್ಕೆಗಳನ್ನು ನೋಡಿ ನಮ್ಮಿಬ್ಬರನ್ನೂ ಕೂರಿಸಿದರು. ಹಳೇ ಸುಟ್ಟ ಚರ್ಮ, ಇವರಿಗೆ ಅಲ್ಲಿ ಸ್ಪರ್ಶವೇ ಸತ್ತಿದೆ ಅನ್ನಿಸುತ್ತೆ ಅಂದರು. ಬಿಸಿಯಾಗಿದ್ದು ತಿಳಿಯದ ಮನುಷ್ಯನಿಗೆ ಬಿಸಿ ಏರಿಸೋದು ಅಪಾಯ. ಮಂಗಳವಾರ ಕೊನೇ ಸಲ ಪರೀಕ್ಷೆ ಮಾಡಿ, ಬಹುಶಃ ಬಿಸಿ ನಿಲ್ಲಿಸಿ ಬರೀ ರೇಡಿಯೇಶನ್ ಮುಂದುವರಿಸ್ತೀವಿ ಅಂದರು.

"ಹಾಗಾದರೆ ಕೈ?" ಅಂತ ಕೇಳಿದೆ.

"ಬಿಸಿ ಇದ್ದರೆ ಉಳಿಯೋ ಸಾಧ್ಯತೆ ಹೆಚ್ಚು ಅಂತಲೇ ಅದನ್ನು ಆರಿಸಿದ್ದು. ಅದಿಲ್ಲದಿದ್ದರೆ ಕಡಿಮೆ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲ್ಲ" ಅಂದರು.

ಬಸ್ಸು ಹತ್ತಿದೆವು. ನನಗೆ ಒಂದೇ ಯೋಚನೆ. ಈ ಕೈಯಲ್ಲೇ ಇವರು ನನ್ನ ಹಣೆಗೆ ವಿಭೂತಿ ಹಚ್ಚಿದ್ದು, ಬಸುರಿಯಿದ್ದಾಗ ಜಡೆ ಹಾಕಿದ್ದು, ಅದೂ ಸೊಟ್ಟಗೆ. ಕಿಟಕಿಯಾಚೆ ಹಸಿರು ಹೊಲ, ದುಂಡಗಿನ ಹಸುಗಳು, ಎಲ್ಲ ಚಂದ. ನನಗೆ ಅಳು ಬಂತು, ಅತ್ತುಬಿಟ್ಟೆ. ಎದುರು ಸೀಟಿನವನು ಏನೂ ಕೇಳದೆ ಒಂದು ಕಾಗದದ ಕರ್ಚೀಫು ಕೊಟ್ಟ.

ಭಾನುವಾರ, ಜೂನ್ ಒಂದು

ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಎಲ್ಲರಿಗೂ ಅದೇ ತಾರೀಖು ಬರೆದರು, ಆಗಲೇ ವಯಸ್ಸು ಸರಿಹೋಗೋದು. ನಮ್ಮನೆಯವರ ಪಾಸ್‌ಪೋರ್ಟಿನಲ್ಲೂ ಅದೇ. ನಿಜವಾಗಿ ಅವರು ಹುಟ್ಟಿದ್ದು ಯಾವಾಗ ಅಂದರೆ ಅತ್ತೆ "ಮಳಿಗಾಲದಾಗ, ಎಮ್ಮಿ ಈದ ಮರುದಿನ" ಅಂತಿದ್ದರು.

ಯಾನ್ ಇದನ್ನೆಲ್ಲ ಕೇಳೋರಲ್ಲ. ಪಾಸ್‌ಪೋರ್ಟ್ ಹೇಳಿದ ಮೇಲೆ ಮುಗೀತು. ಭಾನುವಾರ ಹಾಲಿನಲ್ಲಿ ಕುರ್ಚಿಗಳನ್ನು ದುಂಡಗೆ ಇಟ್ಟು ಪಕ್ಕದ ಮನೆಯವರನ್ನೆಲ್ಲ ಕರೆದರು. ಅವರ ಪದ್ಧತಿ ನೋಡಿ: ಹುಟ್ಟಿದವರಿಗೆ ಮಾತ್ರ ಅಭಿನಂದನೆ ಹೇಳಿ ಸುಮ್ಮನಾಗಲ್ಲ. ಒಬ್ಬೊಬ್ಬರೇ ಬಂದು ನನ್ನ ಕೈ ಕುಲುಕಿ, "ನಿಮ್ಮ ಗಂಡನ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ" ಅಂದರು. ಯಾನ್‌ಗೂ ಹೇಳಿದರು, "ನಿಮ್ಮ ಗೆಳೆಯನಿಗಾಗಿ ಅಭಿನಂದನೆ." ಹಿಂಡಿಯ ಅಜ್ಜಿ ಕೂಡ ಬಂದಿದ್ದರು. ಕೇಕು ಹುಟ್ಟಿದವನೇ ಹಂಚಬೇಕಂತೆ. ನಮ್ಮನೆಯವರು ಎಡಗೈಯಲ್ಲಿ ಹಂಚಿದರು.

ನಾನು ಅಡುಗೆಮನೆಯಲ್ಲಿ ದ್ರಾಕ್ಷಿ ತೊಳೀತಿದ್ದೆ. ಅಲ್ಲಿನ ನಲ್ಲಿ ನೀರು ಅಂದರೆ ಕರಗಿದ ಮಂಜುಗಡ್ಡೆ. ಕೈ ಮರಗಟ್ಟಿತ್ತು. ಹಾಲಿಗೆ ಬಂದು ತಟ್ಟೆ ಇಡುವಾಗ ನನ್ನ ಬೆರಳು ಇವರ ಬಲಗೈಯ ಬ್ಯಾಂಡೇಜಿನ ಪಕ್ಕ, ಸರಿಯಾಗಿ ಆ ಕಲೆಯ ಮೇಲೆ, ಸುಮ್ಮನೆ ತಾಗಿತು.

"ಅಯ್ಯಯ್ಯೋ, ಥಂಡಿ!" ಅಂತ ಕುರ್ಚಿಯಿಂದ ಗೇಣುದ್ದ ಹಾರಿದರು.

ನಾನು ನಿಂತಲ್ಲೇ ನಿಂತೆ. ಸ್ಪರ್ಶ ಸತ್ತ ಜಾಗವಂತೆ! ಇನ್ನೊಂದು ಸಲ ಮುಟ್ಟಿದೆ, ಬೇಕಂತಲೇ. ಮತ್ತೆ ಹಾರಿದರು.

"ಗೊತ್ತಾಗ್ತದ ಹಂಗಾದ್ರ ನಿಮಗ!"

"ಏನದು?"

"ಥಂಡಿ ಗೊತ್ತಾಗೋ ಕೈಗಿ ಬಿಸಿ ಗೊತ್ತಾಗಂಗಿಲ್ಲೇನ್ರಿ? ಎರಡ್ ವಾರ ಝೀರೋ ಝೀರೋ ಅಂತ ಭಜನಿ ಮಾಡೀರಿ! ಖರೇ ಹೇಳ್ರಿ. ಸುಟ್ಟಿತ್ತಿಲ್ಲ?"

ಸುತ್ತ ಒಂಬತ್ತು ಜನ ಕಾಫಿ ಬಟ್ಟಲು ಹಿಡಿದು ಕೂತಿದ್ದರು. ನಾನು ಯಾರನ್ನೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಇವರು ತಲೆ ತಗ್ಗಿಸಿದರು. "ಸುಟ್ಟಿತ್ತು."

"ಮತ್ತ್ಯಾಕ ಹೇಳ್ಲಿಲ್ಲ? ಇಲ್ಲೇನು ಮುನಿರಾಜು ಟೀ ಕೇಳ್ತಾನೇನು?"

"ಹೇಳಿದ್ರ ಬಿಸಿ ಕಮ್ಮಿ ಮಾಡ್ತಾರ ಮಹಾನಂದಾ," ಅಂದರು. ದನಿ ಸಣ್ಣಗಾಗಿತ್ತು. "ಬಿಸಿ ಕಮ್ಮಿ ಆದ್ರ ರೋಗ ಉಳೀತದ. ಎಷ್ಟ್ ತಡಕೋತೀನಿ ಅಷ್ಟ್ ಛಲೋ ಅಂತ… ಕೈ ಉಳೀಲಿ ಅಂತೇ ತಡಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತ್ತು, ಇದನ್ನು ಕೇಳಿ ಎದೆ ಹಿಂಡಿತು. ಎರಡೂ ಒಟ್ಟಿಗೇ ಆದರೆ ನನ್ನ ಬಾಯಿ ಇನ್ನೂ ಜೋರಾಗುತ್ತೆ. "ಡಾಕ್ಟರ್ ಶುಕ್ರವಾರ ಏನಂದ್ರು, ಕಿವಿ ಎಲ್ಲಿಟ್ಟಿದ್ರಿ? ನೀವು ಹೇಳಂಗಿಲ್ಲ ಅಂತೇ ಅವ್ರು ಬಿಸಿ ನಿಲ್ಲಸ್ಲತ್ತಾರ! ನಿಮ್ಮ ಝೀರೋನೇ ನಿಮ್ಮ ಕೈ ತಿನ್ಲತ್ತದ!"

ಶುಕ್ರವಾರ ಇವರು ಕೇಳಿಸಿಕೊಂಡಿದ್ದು "ಕೈ" ಅನ್ನೋದೊಂದೇ ಮಾತಂತೆ. ಉಳಿದದ್ದೆಲ್ಲ ಕಿವಿಗೆ ಬಿದ್ದಿರಲಿಲ್ಲವಂತೆ.

ಯಾನ್ ಮೆಲ್ಲಗೆ ಕೇಳಿದರು, "ಇದು ಕೇಕಿನ ವಿಷಯ ಅಲ್ಲ ಅಲ್ವಾ?" ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ, ಟೀ ಕಾಯಿದೆಯನ್ನೂ ಸೇರಿಸಿ. ನಮ್ಮ ಕಡೆಯಾದರೆ ನೆಂಟರು "ಇರ್ಲಿ ಬಿಡ್ರಿ, ಪಾಪ" ಅಂತ ತೇಪೆ ಹಚ್ಚುತ್ತಿದ್ದರು. ಅಲ್ಲಿ ದುಂಡಗೆ ಕೂತವರು ಒಬ್ಬರಾದ ಮೇಲೊಬ್ಬರು ಅಭಿಪ್ರಾಯ ಕೊಟ್ಟರು. ಒಬ್ಬರು "ಇದು ಬಹಳ ದಡ್ಡತನ" ಅಂದರು. ಇನ್ನೊಬ್ಬರು "ಧೈರ್ಯ ಹೌದು, ಆದರೆ ದಡ್ಡ ಧೈರ್ಯ" ಅಂದರು. ಅಜ್ಜಿ ಕೇಕು ನುಂಗಿ, "ನನ್ನ ಗಂಡನೂ ಹೀಗೇ ಇದ್ದ, ಈಗಿಲ್ಲ" ಅಂದರು. ನಮ್ಮನೆಯವರು ಹುಟ್ಟುಹಬ್ಬದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಉಳಿದ ಕೇಕು ಅವರಿಗೇ ಬಂತು.

ಮೂರನೇ ಮಂಗಳವಾರ

ಸೋಮವಾರ ರೇಡಿಯೇಶನ್ನಿಗೆ ಹೋದಾಗಲೇ ಮಾರೈಕೆಯನ್ನು ಹಿಡಿದು ನಡೆದದ್ದು ಹೇಳಿದೆ. ಅವಳು ಡಾಕ್ಟರಿಗೆ ಹೇಳಿದಳು. ಕಲೆಯ ಮೇಲೆ ಮುಟ್ಟಿ, ಚುಚ್ಚಿ, ತಣ್ಣಗೆ ಬೆಚ್ಚಗೆ ಇಟ್ಟು ಪರೀಕ್ಷೆ ಮಾಡಿದರು. ನಡುವೆ ಒಂದಿಷ್ಟು ಜಾಗ ಬಿಟ್ಟರೆ ಸ್ಪರ್ಶ ಚೆನ್ನಾಗೇ ಇತ್ತು. ಬೊಕ್ಕೆಗಳೂ ಆರುತ್ತಿದ್ದವು. ಸರಿ, ಇನ್ನೊಂದು ಸಲ ನೋಡೋಣ, ಈ ಸಲವೂ ನಂಬರ್ ಬರದಿದ್ದರೆ ನಿಲ್ಲಿಸ್ತೀವಿ ಅಂದರು.

"ನಾನೂ ಒಳಗೆ ಕೂರ್ತೀನಿ" ಅಂದೆ.

"ಕೂರಿ. ಯಾಕೆ ಇಷ್ಟು ದಿನ ಹೊರಗಿದ್ದಿರಿ?" ಅಂದಳು ಮಾರೈಕೆ.

"ಕಾಲ ಹತ್ತಿರ ಕುರ್ಚಿ ಬೇಕು. ಮತ್ತೆ ಅವರ ಸಾಕ್ಸ್ ಬಿಚ್ಚಿಸಿ."

ಹೆಬ್ಬೆರಳಿನ ಗುಟ್ಟು ಇಷ್ಟು ವರ್ಷ ಕಾಪಾಡಿದ್ದು ಆವತ್ತು ಬಯಲಾಯಿತು. ನಮ್ಮನೆಯವರು ನನ್ನನ್ನು ನೋಡಿದ ನೋಟ ಮನೆಯೊಳಗೆ ಸಿ.ಐ.ಡಿ. ಇಟ್ಟುಕೊಂಡಿದ್ದೆನಲ್ಲಾ ಅನ್ನೋ ಹಾಗಿತ್ತು. ಮಾರೈಕೆ ಟೀ ಕಾಯಿದೆಯ ವಿಷಯವನ್ನೂ ಕೇಳಿ ತಿಳಿದುಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು, "ಈ ಕೋಣೆಯಲ್ಲಿ ಕಾಯಿದೆ ಉಲ್ಟಾ. ಬಿಸಿಯಾದಾಗ ಹೇಳಿದರೆ ಕಾಫಿ ನನ್ನದು. ನೀವು ಮುಚ್ಚಿಟ್ಟು ಬೆರಳು ಹೇಳಿದರೆ, ಇಡೀ ವಿಭಾಗಕ್ಕೆ ಕೇಕು ನಿಮ್ಮದು. ಹದಿನಾಲ್ಕು ಜನ ಇದ್ದೀವಿ."

ಯಂತ್ರ ಶುರುವಾಯಿತು. ನೀರಿನ ಚೀಲ ಗುಳುಗುಳು ಅಂತಿತ್ತು. ಹತ್ತು ನಿಮಿಷ ಸೊನ್ನೆ, ನಿಜವಾದ ಸೊನ್ನೆ, ಬೆರಳು ನೆಟ್ಟಗಿತ್ತು. ಇನ್ನೈದು ನಿಮಿಷಕ್ಕೆ ಬೆರಳು ಸ್ವಲ್ಪ ಅಲ್ಲಾಡಿತು. ನಾನು ಗಂಟಲು ಸರಿಮಾಡಿಕೊಂಡೆ. ಇವರ ಹಣೆಯಲ್ಲಿ ಬೆವರು. ನನ್ನನ್ನು ನೋಡಿದರು, ಮಾರೈಕೆಯನ್ನು ನೋಡಿದರು, ಸೂರು ನೋಡಿದರು. ತುಟಿ ಎರಡು ಸಲ ತೆರೆದು ಮುಚ್ಚಿಕೊಂಡಿತು. ಆಯುಧಪೂಜೆಗೆ ಕುಂಬಳಕಾಯಿ ಒಡೆಯುವಾಗಲೂ ನಾನು ಅಷ್ಟು ಉಸಿರು ಬಿಗಿಹಿಡಿದಿಲ್ಲ.

"ಸುಡ್ತು," ಅಂದರು.

ಎಷ್ಟು ಅಂತ ಮಾರೈಕೆ ಕೇಳಿದಳು.

"ಆರು. ಇಲ್ಲಿ, ಮಣಿಕಟ್ಟಿನ ಕಡಿಗಿ."

ಮಾರೈಕೆ ಅಲ್ಲಿ ಇನ್ನೊಂದು ಥರ್ಮಾಮೀಟರ್ ಸೇರಿಸಿದಳು, ನೀರು ಒಂಚೂರು ತಣ್ಣಗೆ ಮಾಡಿದಳು, ಬಿಸಿಯನ್ನು ಆ ಕಡೆ ಮಾತ್ರ ಇಳಿಸಿ ಉಳಿದ ಕಡೆ ಹಾಗೇ ಬಿಟ್ಟಳು. ಇವರು ಬೆಪ್ಪಾಗಿ ನೋಡ್ತಿದ್ದರು. "ಪೂರಾ ಕಮ್ಮಿ ಮಾಡ್ಲಿಲ್ಲಲ್ಲ?" ಅಂತ ನನ್ನನ್ನು ಕೇಳಿದರು. ಪೂರಾ ಕಮ್ಮಿ ಮಾಡ್ತಾರೆ ಅಂತಲೇ ಎರಡು ವಾರ ಹಲ್ಲು ಕಚ್ಚಿದ್ದರಲ್ಲ! ಆ ತಾಸಿನಲ್ಲಿ ಇನ್ನೂ ನಾಲ್ಕು ಸಲ "ಸುಡ್ತು" ಅಂದರು. ಕೊನೆಕೊನೆಗೆ ಖುಷಿಯಲ್ಲೇ ಹೇಳ್ತಿದ್ದರು. ಬಿಸಿ ಬೇಕಾದಷ್ಟು ಏರಿತು, ಬೇಕಾದಷ್ಟು ಹೊತ್ತು ನಿಂತಿತು. ಆ ಸಂಜೆ ಒಂದೇ ಒಂದು ಬೊಕ್ಕೆ ಬರಲಿಲ್ಲ. ಕಾಫಿಯ ಜೊತೆ ಮಾರೈಕೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು. ಅಲ್ಲಿ ಎಷ್ಟೇ ಪ್ರೀತಿ ಇದ್ದರೂ ಬಿಸ್ಕತ್ತು ಒಂದೇ.

ಆರನೇ ಮಂಗಳವಾರ

ಆಮೇಲಿನ ವಾರಗಳಲ್ಲಿ "ಸುಡ್ತು" ಆ ಕೋಣೆಯ ಮಾತೇ ಆಗಿಹೋಯಿತು. ಮಾರೈಕೆ ಅದನ್ನು "ಸೂಡ್ತೂ?" ಅಂತ ಕೇಳ್ತಿದ್ದಳು. ಐದನೇ ವಾರ ನಮ್ಮನೆಯವರು ಒಂದು ಸಲ ಮರೆತು ಬೆರಳು ಮಡಚಿ ಸಿಕ್ಕಿಬಿದ್ದರು. ಹದಿನಾಲ್ಕು ಜನಕ್ಕೆ ಕೇಕು. ನಾನು ಜೊತೆಗೆ ಉಳಿದ ಕಟಕ ರೊಟ್ಟಿ ಮುರಿದು ಹಿಂಡಿ ಹಚ್ಚಿ ಕೊಟ್ಟೆ. ಡಾಕ್ಟರು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಕೊನೆಯ ದಿನ ಹುಣ್ಣು ಸಣ್ಣಗಾಗಿತ್ತು, ಅಂಚು ಕೂಡಿಕೊಳ್ಳುತ್ತಿತ್ತು. ಈಗಲೇ ಏನೂ ಹೇಳೋಕಾಗಲ್ಲ, ಮೂರು ತಿಂಗಳು ಬಿಟ್ಟು ನಿಮ್ಮೂರಲ್ಲಿ ತುಣುಕು ತೆಗೆದು ನೋಡಬೇಕು ಅಂದರು. ಮಾರೈಕೆ ಬಗ್ಗಿ ನನ್ನನ್ನು ಅಪ್ಪಿಕೊಂಡಳು. ನನ್ನ ಮೂಗು ಅವಳ ಜೇಬಿನ ಹತ್ತಿರಕ್ಕೆ ಬಂತು.

ಹೊರಡುವ ಬೆಳಿಗ್ಗೆ ಯಾನ್ ಟಾಯ್ಲೆಟ್ಟಿಗೆ ಪೆನ್ನು ಹಿಡಿದು ಹೋದರು. ಹೊರಗೆ ಬಂದು ನಮ್ಮನ್ನು ಕರೆದು ತೋರಿಸಿದರು. ಜೂನ್ ಒಂದರ ಪಕ್ಕ "ಶಿವ" ಅಂತ ಬರೆದಿದ್ದರು. ಈ ಕ್ಯಾಲೆಂಡರಿನಲ್ಲಿ ವರ್ಷ ಹಾಕಿರಲ್ಲ, ಪ್ರತಿವರ್ಷ ಅದೇ ನಡೆಯುತ್ತೆ ಅಂದರು. ನಮ್ಮನೆಯವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಟಾಯ್ಲೆಟ್ಟಿನ ಮುಂದೆ ಮೂರು ಜನ ಅಳೋದನ್ನು ನೀವು ಎಲ್ಲೂ ನೋಡಿರಲಿಕ್ಕಿಲ್ಲ.

ಮತ್ತೆ ಪೀಣ್ಯ

ಮೂರು ತಿಂಗಳ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಇನ್ನೂ ಕೆಲವು ವರ್ಷ ನೋಡ್ತಾ ಇರಬೇಕು. ಆದರೆ ಕೈ ಇದೆ. ಚರ್ಮ ಕಪ್ಪಾಗಿದೆ, ಬೆರಳು ಬೆಳಿಗ್ಗೆ ಸ್ವಲ್ಪ ಬಿಗೀತಾವೆ, ಆದರೂ ಇದೆ. ಫಲಿತಾಂಶ ಬಂದ ದಿನ ಮಾರೈಕೆಗೆ ಫೋಟೋ ಕಳಿಸಿದೆ. "ನಿಮ್ಮ ಗಂಡನ ಕೈಗಾಗಿ ನಿಮಗೆ ಅಭಿನಂದನೆ" ಅಂತ ಉತ್ತರ ಬಂತು.

ಅದರ ಮರುದಿನ ಇವರು ಶೆಡ್ಡಿಗೆ ಬಂದರು. ಎಲ್ಲರೂ ಸುತ್ತ ನಿಂತರು. ಟೀ ಬಂತು. ಇವರು ಬಲಗೈಯಲ್ಲಿ ಲೋಟ ತಗೊಂಡು, ಒಂದು ಗುಟುಕು ಕುಡಿದು, ಎಲ್ಲರಿಗೂ ಕೇಳೋ ಹಾಗೆ "ಸುಡ್ತು!" ಅಂದರು.

ಶೆಡ್ಡು ಗಪ್ ಆಯಿತು. ಫರ್ನೇಸಿನ ಗುಂಯ್ ಶಬ್ದ ಒಂದೇ. ಆಮೇಲೆ ಯಾರೋ "ಸಾವ್ಕಾರ್ರ ಟೀ!" ಅಂತ ಕೂಗಿದರು, ಎಲ್ಲರೂ ಶಿಳ್ಳೆ ಹೊಡೆದರು.

"ಇವತ್ತಿಂದು ನಂದು," ಅಂದರು ಇವರು. "ಇವತ್ತಿಗಿ ಆ ಕಾಯಿದಿ ಮುಗೀತು. ನಾಳಿಂದ, ಸುಟ್ಟಿದ್ದು ಯಾರು ಮುಚ್ಚಿಡ್ತಾರೋ, ಟೀ ಅವ್ರದು. ತಿಳೀತಿಲ್ಲ?" ತೋಳು ಮಡಚಿ ಕೈ ತೋರಿಸಿದರು. ಎಲ್ಲಿ ಶುರುವಾಯಿತು, ಎಷ್ಟು ದಿನ ಅಂಗಿಯಲ್ಲಿ ಮುಚ್ಚಿಟ್ಟರು, ಏನು ಹೋಗಬೇಕಿತ್ತು, ಎಲ್ಲ ಹೇಳಿದರು. ಹೆಬ್ಬೆರಳಿನ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳಿದೆ.

ಎಲ್ಲರೂ ನಗ್ತಿದ್ದರು. ಮುನಿರಾಜು ನಗಲಿಲ್ಲ. ಲೋಟ ಕೆಳಗಿಟ್ಟು, ಹತ್ತಿರ ಬಂದು, ನೆಲ ನೋಡ್ತಾ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ.

"ಅಣ್ಣಾ, ಇದು ಆರ್ ವರ್ಸದ ಇಂದೆ ಸುಟ್ಕಂಡಿದ್ದು. ವಾಸಿಯಾಗಿತ್ತು. ಈಗ ನಾಕ್ ತಿಂಗ್ಳಿಂದ ಮತ್ತೆ ಬಾಯ್ ಬಿಟ್ಟೈತೆ. ವಣಗ್ತಾನೇ ಇಲ್ಲ. ನೀವೇ ಅಂಗಿದ್ರಿ, ನಿಮ್ಗೆಂಗೆ ಯೋಳಾದು ಅಂತ…"

ಇವರು ಬಗ್ಗಿ ನೋಡಿದರು. ಎದ್ದು ನಿಂತು ಕಾರಿನ ಕೀಲಿಗೆ ಜೇಬು ತಡಕಿದರು.

"ನಾಳಿಕ್ಕೋಗಾನ ಬಿಡಣ್ಣ, ಲೋಡ್ ಐತೆ," ಅಂದ ಮುನಿರಾಜು.

"ಲೋಡ್ ಇರ್ಲಿ. ಗಾಡಿ ಹತ್ತು."

ನಾನು ಹಿಂದಿನ ಸೀಟಿನಲ್ಲಿ ಕೂತೆ. ಮುನಿರಾಜು ಮುಂದೆ, ಎರಡೂ ಕೈ ಮಂಡಿಯ ಮೇಲಿಟ್ಟು, ಶಾಲೆಗೆ ಹೊರಟವನ ಹಾಗೆ. ಇವರು ಅವನ ಕಡೆ ತಿರುಗಿದರು.

"ಸೊನ್ನಿಯಿಂದ ಹತ್ತರ ತನಕ, ಎಷ್ಟ್ ಸುಡ್ತದ?"

ಮುನಿರಾಜು ಕಿಟಕಿಯಾಚೆ ನೋಡಿದ, ಇವರ ಮುಖ ನೋಡಿದ.

"ಐದು," ಅಂದ. ಆಮೇಲೆ, "ಇಲ್ಲಣ್ಣ, ಏಳು."

"ಶಾಬಾಸ್!" ಅಂದು ನಮ್ಮನೆಯವರು ಬಲಗೈಯಲ್ಲಿ ಕೀಲಿ ತಿರುಗಿಸಿದರು.